ಎರಡು ಸಲ ಹುಟ್ಟಿದ ಊರು: ಥ್ರೇಸ್ ಕರಾವಳಿಯ ಅಬ್ದೇರ

(ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಪರದೆ ಮೇಲೆ ಚಿತ್ರ ತೋರಿಸಿದ ಕಡೆ ಒಂದೆರಡು ಸಾಲು ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಗ್ರೀಕರ ಹಳೇ ಊರು ಅಂದರೆ ಬೆಟ್ಟದ ಮೇಲೆ ಸಾಲುಕಂಬ, ಬಿಳಿ ಅಮೃತಶಿಲೆ, ಕೈ ಮುರಿದ ಮೂರ್ತಿ ಅಂತ ಅಂದುಕೊಂಡು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇವತ್ತು ಅದ್ಯಾವುದೂ ಸಿಗುವುದಿಲ್ಲ. ಅಬ್ದೇರದಲ್ಲಿ ನೆಟ್ಟಗೆ ನಿಂತಿರುವುದು ತೀರಾ ಕಡಿಮೆ. ಗೋಡೆಗಳ ಬುಡ, ಮನೆಗಳ ಪಾಯ, ಮಣ್ಣಿನ ದಿಬ್ಬ, ಮರಳು. ನೋಡಲು ಬಂದವರು ಅರ್ಧ ಗಂಟೆಯಲ್ಲಿ ಸುಮ್ನೆ ವಾಪಸ್ ಹೊರಟರೂ ಆಶ್ಚರ್ಯವಿಲ್ಲ. ಆದರೆ ಪುಸ್ತಕ ಹೇಳುವುದಕ್ಕೂ ನೆಲ ಹೇಳುವುದಕ್ಕೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ನೋಡಲು ಇಷ್ಟು ಒಳ್ಳೆಯ ಜಾಗ ಇನ್ನೊಂದು ಸಿಗುವುದು ಕಷ್ಟ.

ನಕ್ಷೆ ನೋಡಿ. ಇದು ಏಜಿಯನ್ ಸಮುದ್ರದ ಉತ್ತರದ ಅಂಚು. ಬಲಕ್ಕೆ ಟರ್ಕಿ, ಮೇಲೆ ಬಲ್ಗೇರಿಯ, ಕೆಳಗೆ ಸಮುದ್ರಕ್ಕೆ ಅಂಟಿಕೊಂಡ ಹಾಗೆ ಗ್ರೀಸಿನ ಒಂದು ಸಪೂರ ಪಟ್ಟಿ. ಬಲ್ಗೇರಿಯದ ಬೆಟ್ಟಗಳಲ್ಲಿ ಹುಟ್ಟಿದ ನೆಸ್ಟೋಸ್ ನದಿ ಇಲ್ಲಿ ಕಡಲು ಸೇರುತ್ತದೆ. ಎದುರಿಗೆ ಥಾಸೋಸ್ ದ್ವೀಪ. ನದಿಯ ಪೂರ್ವಕ್ಕೆ, ಕಡಲಿಗೆ ಚಾಚಿಕೊಂಡ ಭೂಶಿರದ ಹತ್ತಿರ ಅಬ್ದೇರ. ಇವತ್ತು ಅದು ಕ್ಸಾಂಥಿ ಜಿಲ್ಲೆಗೆ ಸೇರುತ್ತದೆ. ಪಕ್ಕದ ಹಳ್ಳಿ ಅವ್ದಿರಾ ಹಳೇ ಹೆಸರನ್ನೇ ಉಳಿಸಿಕೊಂಡಿದೆ, ಮ್ಯೂಸಿಯಂ ಇರುವುದೂ ಅಲ್ಲೇ. ನೆಸ್ಟೋಸ್ ನದಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ಅದರ ಕೈವಾಡ ಜಾಸ್ತಿ.

ಈ ನೆಲ ಗ್ರೀಕರದ್ದಾಗಿರಲಿಲ್ಲ. ಥ್ರೇಸಿಯನ್ನರದ್ದು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಇವರ ಬಗ್ಗೆ ಒಂದು ಮಾತು ಹೇಳುತ್ತಾನೆ, ನಮಗೆ ಕೇಳಲು ಮಜಾ ಅನಿಸುತ್ತದೆ: ಲೋಕದಲ್ಲಿ ಭಾರತೀಯರನ್ನು ಬಿಟ್ಟರೆ ಅತಿ ದೊಡ್ಡ ಜನಾಂಗ ಥ್ರೇಸಿಯನ್ನರದ್ದು ಅಂತ. ಒಬ್ಬನೇ ದೊರೆಯ ಕೆಳಗೆ ಒಗ್ಗಟ್ಟಾದರೆ ಇವರನ್ನು ಯಾರೂ ಸೋಲಿಸಲಾರರು, ಆದರೆ ಅದು ಆಗುವ ಮಾತಲ್ಲ ಎಂದೂ ಸೇರಿಸುತ್ತಾನೆ. ಹತ್ತಾರು ಪಂಗಡಗಳು, ಒಂದೊಂದಕ್ಕೂ ಒಬ್ಬೊಬ್ಬ ದೊರೆ. ಇವರ ಭಾಷೆಯಲ್ಲಿ ಬರೆದದ್ದು ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. 1912ರಲ್ಲಿ ಬಲ್ಗೇರಿಯದ ಎಜೆರೊವೊದಲ್ಲಿ ಒಂದು ಚಿನ್ನದ ಉಂಗುರ ಸಿಕ್ಕಿತು. ಅದರ ಮೇಲೆ ಗ್ರೀಕ್ ಲಿಪಿಯ 61 ಅಕ್ಷರ, ಭಾಷೆ ಥ್ರೇಸಿಯನ್. ಓದಲು ಬರುತ್ತದೆ, ಅರ್ಥ ಏನೆಂದು ಇವತ್ತಿಗೂ ಒಮ್ಮತವಿಲ್ಲ. ಹಾಗಾಗಿ ಥ್ರೇಸಿಯನ್ನರ ಬಗ್ಗೆ ನಾವು ಓದುವುದೆಲ್ಲ ಹೆಚ್ಚುಕಡಿಮೆ ಗ್ರೀಕರು ಬರೆದದ್ದು. ಜಮೀನಿಗಾಗಿ ಜಗಳವಾಡಿದ ಇಬ್ಬರಲ್ಲಿ ಒಬ್ಬರ ಹೇಳಿಕೆ ಮಾತ್ರ ಫೈಲಿನಲ್ಲಿದೆ ಅನ್ನಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು. ವಸಾಹತು ಅಂದರೆ ನಮ್ಮ ಮನಸ್ಸಿಗೆ ಬರುವುದು ಕಂಪನಿ ಸರ್ಕಾರ, ಬಂದೂಕು, ಕಂದಾಯ. ಇಲ್ಲಿ ಅಂಥ ಯಾವ ಸಾಮ್ರಾಜ್ಯವೂ ಹಿಂದೆ ಇರಲಿಲ್ಲ. ಒಂದು ಊರಿನ ಕೆಲವು ನೂರು ಜನ ಹಡಗು ಹತ್ತಿ ಹೊರಟು, ಇನ್ನೊಬ್ಬರ ಕರಾವಳಿಯಲ್ಲಿ ಕಾಲೂರಲು ನೋಡುತ್ತಾರೆ. ಸೋತರೆ ಕಾಪಾಡಲು ಯಾರೂ ಬರುವುದಿಲ್ಲ. ನೆಲದವರು ಬಲವಾಗಿದ್ದರೆ ಓಡಿಸುತ್ತಾರೆ. ಥಾಸೋಸಿಗೆ ಬಂದ ಗ್ರೀಕರ ಜೊತೆ ಇದ್ದ ಕವಿ ಆರ್ಕಿಲೋಕಸ್, ಥ್ರೇಸಿಯನ್ನರ ಜೊತೆಗಿನ ಕಾಳಗದಲ್ಲಿ ಗುರಾಣಿಯನ್ನು ಪೊದೆ ಪಕ್ಕ ಬಿಟ್ಟು ಓಡಿಬಂದೆ, ಹೋದರೆ ಹೋಗಲಿ, ಇನ್ನೊಂದು ಕೊಂಡರಾಯಿತು ಅಂತ ತಾನೇ ಹಾಡಿಕೊಂಡಿದ್ದಾನೆ. ಗೆದ್ದವರ ಠೀವಿ ಅದರಲ್ಲಿ ಕಾಣಿಸುವುದಿಲ್ಲ, ಅಲ್ವಾ?

ಈಗ ಅಬ್ದೇರಕ್ಕೆ ಬರೋಣ. ಪುರಾಣದ ಕಥೆ ಬೇಗ ಮುಗಿಸುತ್ತೇನೆ: ಹೆರಾಕ್ಲಿಸ್‌ನ ಗೆಳೆಯ ಅಬ್ದೆರೋಸ್‌ನನ್ನು ಥ್ರೇಸಿಯನ್ ದೊರೆ ಡಯೊಮಿಡೀಸ್‌ನ ನರಭಕ್ಷಕ ಕುದುರೆಗಳು ತಿಂದುಹಾಕಿದವು, ಅವನ ಗೋರಿಯ ಬಳಿ ಹೆರಾಕ್ಲಿಸ್ ಊರು ಕಟ್ಟಿದ. ಇತಿಹಾಸದ ಕಥೆ ಬೇರೆ. ಇವತ್ತಿನ ಟರ್ಕಿಯ ಇಜ್ಮಿರ್ ಹತ್ತಿರದ ಕ್ಲಾಜೊಮೆನೈ ಊರಿನವರು ತಿಮೆಸಿಯೋಸ್ ಎಂಬವನ ಮುಂದಾಳತ್ವದಲ್ಲಿ ಇಲ್ಲಿಗೆ ಬಂದರು. ಹಳೆಯ ಕಾಲಗಣನೆ ಕೊಡುವ ವರ್ಷ ಕ್ರಿ.ಪೂ. 654. ಹೆರೊಡೊಟಸ್ ಇದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ: ತಿಮೆಸಿಯೋಸ್ ಊರು ಕಟ್ಟಿದ, ಆದರೆ ಅದರ ಫಲ ಉಣ್ಣಲಿಲ್ಲ, ಥ್ರೇಸಿಯನ್ನರು ಅವನನ್ನು ಓಡಿಸಿದರು. ಅಷ್ಟೇ.

ಶತಮಾನಗಳ ಕಾಲ ಎಲ್ಲರೂ ಇದನ್ನೇ ನಂಬಿದ್ದರು. ಬಂದರು, ಹೊಡೆತ ತಿಂದರು, ಹೋದರು. ಮೊದಲ ಅಗೆತ ನಡೆದಾಗಲೂ ಈ ಮಾತು ಸರಿ ಅನಿಸುವ ಹಾಗೇ ಇತ್ತು. 1950ರಲ್ಲಿ ದಿಮಿತ್ರಿಯೋಸ್ ಲಜಾರಿಡಿಸ್ ಇಲ್ಲಿ ಅಗೆಯಲು ಶುರು ಮಾಡಿದರು. ಅವರಿಗೆ ಸಿಕ್ಕಿದ್ದು ಕಡಲ ಪಕ್ಕದ ಊರು. ಅಚ್ಚುಕಟ್ಟಾದ ಬೀದಿಗಳು, ಮನೆಗಳು, ಕೋಟೆ ಬಾಗಿಲು. ಆದರೆ ಅದೆಲ್ಲ ಕ್ರಿ.ಪೂ. 4ನೇ ಶತಮಾನದ ನಂತರದ್ದು. ಅಣುವಿನ ಮಾತಾಡಿದ ತತ್ವಜ್ಞಾನಿ, ಈ ಊರಿನವನೇ ಆದ ಡೆಮಾಕ್ರಿಟಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 460ರಲ್ಲಿ. ಅವನು ಓಡಾಡಿದ ಊರೇ ಅಲ್ಲಿ ಇರಲಿಲ್ಲ. ಅದಕ್ಕೂ ಹಿಂದಿನ ಕ್ಲಾಜೊಮೆನೈ ಜನರ ಊರಂತೂ ದೂರದ ಮಾತು.

ಉತ್ತರ ಸಿಕ್ಕಿದ್ದು ಉತ್ತರದಲ್ಲೇ. 1980ರ ದಶಕದಲ್ಲಿ ಪುರಾತತ್ವಜ್ಞೆ ಹೈದೊ ಕುಕುಲಿ-ಕ್ರಿಸಾಂಥಾಕಿ ಅವರ ತಂಡ ಕಡಲಿನಿಂದ ಒಳಗೆ, ಹೊಲಗಳ ಕೆಳಗೆ ಇನ್ನೊಂದು ಕೋಟೆ ಸುತ್ತನ್ನು ಬಿಡಿಸಿ ತೆಗೆಯಿತು. ಅದರಲ್ಲಿ ಎರಡು ಕಾಲದ ಗೋಡೆ. ಹಳೆಯದು ಕ್ರಿ.ಪೂ. 7ನೇ ಶತಮಾನದ್ದು, ಅಂದರೆ ಕ್ಲಾಜೊಮೆನೈ ಜನರದ್ದು. ಆಮೇಲಿನದು 6ನೇ ಶತಮಾನದ್ದು.

ಇಲ್ಲಿ ಸ್ವಲ್ಪ ನಿಲ್ಲೋಣ. ಬಂದ ಕೂಡಲೇ ಓಡಿಸಿಕೊಂಡವರು ಇಷ್ಟು ದೊಡ್ಡ ಕೋಟೆ ಕಟ್ಟುತ್ತಾರಾ? ಕಲ್ಲು ತರಬೇಕು, ಬುಡ ತೋಡಬೇಕು, ಅಷ್ಟು ದಿನ ಆ ಜನಕ್ಕೆ ಊಟ ಹಾಕಬೇಕು. ಗೋಡೆಯ ಆಚೆ ಒಂದು ಸ್ಮಶಾನವೂ ಸಿಕ್ಕಿತು. ಅದರ ಗೋರಿಗಳು 7ನೇ ಶತಮಾನದ ನಡುವಿನಿಂದ ಶುರುವಾಗಿ 6ನೇ ಶತಮಾನದ ಆರಂಭದವರೆಗೂ ಬರುತ್ತವೆ. ಅಂದರೆ ಎರಡು ಮೂರು ತಲೆಮಾರು ಇಲ್ಲೇ ಬದುಕಿ, ಇಲ್ಲೇ ಸತ್ತಿದೆ. ತಿಮೆಸಿಯೋಸ್‌ನನ್ನು ಥ್ರೇಸಿಯನ್ನರು ಓಡಿಸಿರಬಹುದು, ಅದನ್ನು ಅಲ್ಲಗಳೆಯಲು ನನ್ನ ಬಳಿ ಏನೂ ಇಲ್ಲ. ಊರು ಮಾತ್ರ ಅವನ ಜೊತೆ ಹೋಗಲಿಲ್ಲ. ಹೆರೊಡೊಟಸ್‌ನ ವಾಕ್ಯ ಸುಳ್ಳಲ್ಲ, ತೀರಾ ಚಿಕ್ಕದು.

ಆ ಸ್ಮಶಾನ ನೋಡಿದರೆ ಹೊಟ್ಟೆ ಕಿವುಚಿದಂತಾಗುತ್ತದೆ. ಗೋರಿಗಳಲ್ಲಿ ಬಹುಪಾಲು ಕೂಸುಗಳದ್ದು, ಚಿಕ್ಕ ಮಕ್ಕಳದ್ದು. ಈ ಚಿತ್ರ ಗಮನಿಸಿ. ಅಡ್ಡ ಮಲಗಿಸಿದ ದೊಡ್ಡ ಮಡಕೆ. ಎಣ್ಣೆಯೋ ದ್ರಾಕ್ಷಾರಸವೋ ತುಂಬಿ ಹಡಗಿನಲ್ಲಿ ಬಂದ ಅಂಫೋರ ಅದು, ಎರಡು ಕಿವಿ, ಸಣ್ಣ ಬಾಯಿ. ಕೂಸು ಆ ಬಾಯಿಯಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಮಡಕೆಯ ಪಕ್ಕವನ್ನು ಒಡೆದು ತೆರೆದು, ಒಳಗೆ ಮಲಗಿಸಿ, ತೆಗೆದ ಚೂರನ್ನೇ ಮತ್ತೆ ಮುಚ್ಚಿ ಮಣ್ಣು ಮಾಡುತ್ತಿದ್ದರು. ಪ್ರಾಚೀನ ಗ್ರೀಕರಲ್ಲಿ ಇದು ಎಲ್ಲ ಕಡೆ ಇದ್ದ ಪದ್ಧತಿ. ಆದರೆ ಇಲ್ಲಿ ಅಂಥವು ಸಾಲು ಸಾಲಾಗಿ ಸಿಕ್ಕಿವೆ. ನದಿಯ ಬಾಯಿ, ಜೌಗು ನೆಲ, ಸೊಳ್ಳೆ. ಹೊಸದಾಗಿ ಬಂದ ಜನಕ್ಕೆ ಇಲ್ಲಿನ ಜ್ವರದ ಅಭ್ಯಾಸವಿರಲಿಲ್ಲ. ನನ್ನನ್ನು ಕೇಳಿದರೆ, ಮೊದಲ ಅಬ್ದೇರದ ಬೆನ್ನು ಮುರಿದದ್ದರಲ್ಲಿ ಥ್ರೇಸಿಯನ್ನರ ಈಟಿಗಿಂತ ಈ ಕೆಸರಿನ ಪಾಲೇ ದೊಡ್ಡದು.

ಅದೇ ಸ್ಮಶಾನದಲ್ಲಿ ಒಬ್ಬ ಹೆಂಗಸಿನ ತಲೆಬುರುಡೆ ಸಿಕ್ಕಿದೆ. ಎಲುಬು ತಜ್ಞ ಅನಾಗ್ನೋಸ್ಟಿ ಅಗೆಲರಾಕಿಸ್ ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ತಲೆಗೆ ಜೋರಾದ ಪೆಟ್ಟು ಬಿದ್ದಿದೆ. ಕವಣೆಯಿಂದ ಬೀಸಿದ ಕಲ್ಲಿನಂಥದ್ದು ಬಡಿದಿರಬೇಕೆಂದು ಅವರ ಊಹೆ. ಮುಖ್ಯವಾದದ್ದು ಪೆಟ್ಟಲ್ಲ, ಅದರ ಸುತ್ತಲಿನ ಗುರುತು. ಒಡೆದ ಜಾಗವನ್ನು ಯಾರೋ ಉಪಕರಣದಿಂದ ಹುಷಾರಾಗಿ ಹೆರೆದು ಸ್ವಚ್ಛ ಮಾಡಿದ್ದಾರೆ. ಅಂಚಿನ ಎಲುಬು ಮತ್ತೆ ಬೆಳೆದು ನುಣುಪಾಗಿದೆ. ಸತ್ತವರ ಎಲುಬು ಹಾಗೆ ಬೆಳೆಯುವುದಿಲ್ಲ. ಅಂದರೆ ಆಪರೇಷನ್ ಆದಮೇಲೂ ಆಕೆ ಬದುಕಿದ್ದಳು. ಹಿಪೊಕ್ರೇಟಿಸ್ ಹೆಸರಿನ ವೈದ್ಯಗ್ರಂಥಗಳಲ್ಲಿ ತಲೆ ಗಾಯಕ್ಕೆ ಹೀಗೇ ಹೆರೆಯುವ ಚಿಕಿತ್ಸೆ ಬರುತ್ತದೆ. ಆ ಗ್ರಂಥಗಳಿಗೂ ಸುಮಾರು ಎರಡು ಶತಮಾನ ಹಿಂದೆ, ದಿನಾ ಕೂಸುಗಳನ್ನು ಹೂಳುತ್ತಿದ್ದ ಈ ಬಡಪಾಯಿ ಊರಿನಲ್ಲಿ ಅದು ಗೊತ್ತಿದ್ದ ಕೈಯೊಂದು ಇತ್ತು.

ಎರಡನೇ ಹುಟ್ಟು ಕ್ರಿ.ಪೂ. 545ರ ಸುಮಾರಿಗೆ. ಪರ್ಷಿಯದ ಸೈರಸ್ ದೊರೆಯ ದಂಡನಾಯಕ ಹಾರ್ಪಗೋಸ್, ಗ್ರೀಕರ ತಿಯೋಸ್ ಊರಿಗೆ ಮುತ್ತಿಗೆ ಹಾಕಿದ. ಇದೂ ಇಜ್ಮಿರ್ ಕಡೆಯದೇ. ಕೋಟೆಗೆ ಒತ್ತಿ ಮಣ್ಣಿನ ದಿಬ್ಬ ಎಬ್ಬಿಸಿದಾಗ ಊರಿನವರು ಇನ್ನು ಆಗದು ಅಂತ ಹಡಗು ಹತ್ತಿ ಅಬ್ದೇರಕ್ಕೆ ಬಂದರು. ಕವಿ ಅನಾಕ್ರಿಯನ್ ಇದೇ ತಿಯೋಸಿನವನು, ಅವನೂ ಇವರ ಜೊತೆ ಬಂದವನೇ. ಹೊಸಬರು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಹಿಂದಿನ ಸಲ ಸೋತುಹೋದ ತಿಮೆಸಿಯೋಸ್ ಇವರ ಊರಿನವನೇ ಅಲ್ಲ. ಆದರೂ ಅವನನ್ನು ವೀರನೆಂದು ಪೂಜಿಸಲು ಶುರು ಮಾಡಿದರು. ಈಗಲೂ ಪೂಜಿಸುತ್ತಾರೆ ಎಂದು ಹೆರೊಡೊಟಸ್ ತನ್ನ ಕಾಲದ ಮಾತಾಗಿ ಬರೆಯುತ್ತಾನೆ. ಸ್ಮಶಾನ ನೋಡಿದ ಮೇಲೆ ಇದರ ಅರ್ಥ ಬೇರೆಯೇ ಆಗುತ್ತದೆ. ಇವರು ಬಂದಾಗ ಇಲ್ಲಿ ಹಳಬರ ಗೋಡೆ ಇತ್ತು, ಗೋರಿ ಇತ್ತು, ಬಹುಶಃ ಅಳಿದುಳಿದ ಜನರೂ ಇದ್ದರು.

ತಿಯೋಸ್ ಜನರ ಊರು ಚೆನ್ನಾಗಿ ಬೆಳೆಯಿತು. ಉತ್ತರದ ಕೋಟೆಯ ಹತ್ತಿರ ಒಂದು ಹಡಗುಕೊಟ್ಟಿಗೆ ಸಿಕ್ಕಿದೆ. ಯುದ್ಧದ ಮರದ ಹಡಗನ್ನು ಸುಮ್ನೆ ನೀರಲ್ಲಿ ಬಿಟ್ಟರೆ ಮರ ನೀರು ಕುಡಿಯುತ್ತದೆ, ಹುಳ ತಿನ್ನುತ್ತದೆ. ಆದ್ದರಿಂದ ಇಳಿಜಾರಿನ ಮೇಲೆ ಎಳೆದು ಮಾಡಿನ ಕೆಳಗೆ ನಿಲ್ಲಿಸುತ್ತಿದ್ದರು. ಇವತ್ತು ಹಡಗುಕೊಟ್ಟಿಗೆಯ ಸುತ್ತ ಇರುವುದು ಒಣ ನೆಲ. ಕಡಲು ದೂರ ಸರಿದಿದೆ. ಒಂದು ಕಾಲಕ್ಕೆ ಇಲ್ಲಿ ಬಂದರಿತ್ತು ಎಂದು ಹೇಳಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಕೋಟೆಯ ಹೊರಗೆ ಬೆಳೆಯ ದೇವತೆ ದಿಮಿತರ್ ಮತ್ತು ಅವಳ ಮಗಳು ಕೋರೆಯ ಪೂಜಾಸ್ಥಳವೂ ಸಿಕ್ಕಿದೆ. ಅಲ್ಲಿ ರಾಶಿ ಬಿದ್ದಿದ್ದು ಜನ ಹರಕೆಗೆ ಒಪ್ಪಿಸಿದ ಸಣ್ಣ ಸಣ್ಣ ನೀರಿನ ಗಡಿಗೆಗಳು, ಮಣ್ಣಿನ ಬೊಂಬೆಗಳು. ಸುತ್ತಲಿನ ಬಯಲಲ್ಲಿ ಗೋರಿದಿಬ್ಬಗಳು. ಕೆಲವರನ್ನು ಬಣ್ಣ ಬಳಿದ ಮಣ್ಣಿನ ಶವಪೆಟ್ಟಿಗೆಗಳಲ್ಲಿ ಹೂಳಿದ್ದಾರೆ. ಅಂಥ ಪೆಟ್ಟಿಗೆಗಳಿಗೆ ಹೆಸರಾದದ್ದು ಕ್ಲಾಜೊಮೆನೈ. ಹಳೇ ನಂಟು ಪೂರ್ತಿ ಕಡಿದಿರಲಿಲ್ಲ.

ತಿಯೋಸ್ ಜೊತೆಗಿನ ನಂಟಂತೂ ಕಲ್ಲಿನ ಮೇಲೇ ಕೆತ್ತಿದೆ. ಕ್ರಿ.ಪೂ. 5ನೇ ಶತಮಾನದ ತಿಯೋಸ್ ಶಾಸನಗಳಲ್ಲಿ ಶಾಪವೇ ಮುಖ್ಯ ವಿಷಯ. ಊರಿನ ಜನಕ್ಕೆ ವಿಷ ಹಾಕುವವನು, ಧಾನ್ಯ ಬರದಂತೆ ತಡೆಯುವವನು, ಈ ಕಲ್ಲನ್ನು ಒಡೆಯುವವನು ಅಥವಾ ಅಕ್ಷರ ಅಳಿಸುವವನು ವಂಶಸಮೇತ ನಾಶವಾಗಲಿ ಅಂತ. ವರ್ಷವರ್ಷ ಹಬ್ಬದ ದಿನ ಅಧಿಕಾರಿಗಳು ಇದನ್ನು ಗಟ್ಟಿಯಾಗಿ ಓದಬೇಕಿತ್ತು. ಇವುಗಳ ಜೊತೆಯ ಇನ್ನೊಂದು ಶಾಸನವನ್ನು 1981ರಲ್ಲಿ ಪೀಟರ್ ಹೆರ್ಮನ್ ಪ್ರಕಟಿಸಿದರು. ಅದರಲ್ಲಿ ಅಬ್ದೇರದ ಹೆಸರೂ ಬರುತ್ತದೆ. ಕಡಲಿನ ಆಚೆ ಈಚೆ ಇದ್ದ ಎರಡು ಊರು, ಒಂದೇ ಆಣೆ.

ಕವಿ ಪಿಂಡರ್ ಅಬ್ದೇರದವರಿಗಾಗಿ ಒಂದು ಪದ್ಯ ಕಟ್ಟಿದ. ಊರೇ ಅದರಲ್ಲಿ ಮಾತಾಡುತ್ತದೆ. ನಾನು ಎಳೆಯ ಊರು, ಆದರೂ ನನ್ನ ತಾಯಿಯ ತಾಯಿಯನ್ನು ನಾನೇ ಹೆತ್ತೆ ಅನ್ನುತ್ತದೆ. ಹೆಚ್ಚಿನ ವಿದ್ವಾಂಸರ ಪ್ರಕಾರ ಇದು, ಪರ್ಷಿಯನ್ನರು ಸುಟ್ಟ ತಿಯೋಸನ್ನು ಅಬ್ದೇರದಿಂದ ಮರಳಿದವರು ಮತ್ತೆ ಕಟ್ಟಿದ್ದರ ಮಾತು. ಥ್ರೇಸ್ ನೆಲ ದ್ರಾಕ್ಷಿ ತುಂಬಿದ್ದು, ಫಲವತ್ತಾದದ್ದು ಎಂದೂ ಹೊಗಳಿಕೆ ಇದೆ. ಯಾಕೆ ಬಂದರು ಅನ್ನೋದಕ್ಕೆ ಅಷ್ಟು ಉತ್ತರ ಸಾಕು. ಈ ಪದ್ಯ ಸಿಕ್ಕಿದ್ದು ಗ್ರೀಸಿನಲ್ಲಲ್ಲ, ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ಗುಡ್ಡೆಯಲ್ಲಿ, ಪ್ಯಾಪಿರಸ್ ಹಾಳೆಯ ಮೇಲೆ. ಕನ್ನಡದವರಿಗೆ ಈ ಹೆಸರು ಕೇಳಿದ ಕೂಡಲೇ ಕಿವಿ ನೆಟ್ಟಗಾಗಬೇಕು! ಕನ್ನಡ ಮಾತುಗಳಿವೆ ಎಂದು ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಚರ್ಚೆ ಮಾಡಿದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅದೇ ಊರಿನ ಕಸದಲ್ಲಿ. ಅದು ಕನ್ನಡವೋ ಅಲ್ಲವೋ ಅನ್ನೋ ಜಗಳಕ್ಕೆ ನಾನೀಗ ಇಳಿಯುವುದಿಲ್ಲ.

ಈಗ ದುಡ್ಡಿನ ವಿಷಯ. ಅಬ್ದೇರದ ಬೆಳ್ಳಿ ನಾಣ್ಯದ ಮೇಲೆ ಗ್ರಿಫಿನ್ ಕೂತಿದೆ. ಹದ್ದಿನ ತಲೆ, ಸಿಂಹದ ಮೈ, ರೆಕ್ಕೆ. ಅದು ತಿಯೋಸಿನ ಗುರುತು, ಇಲ್ಲಿಗೂ ಬಂತು. ದೊಡ್ಡ ನಾಣ್ಯ ಸುಮಾರು 29 ಗ್ರಾಂ ತೂಗುತ್ತದೆ. ಸಂತೆಯಲ್ಲಿ ಸೊಪ್ಪು ಕೊಳ್ಳುವ ದುಡ್ಡಲ್ಲ ಅದು. 1969ರಲ್ಲಿ ಈಜಿಪ್ಟಿನ ಅಸ್ಯುತ್‌ನಲ್ಲಿ ಸುಮಾರು 900 ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತು, ಹೂತದ್ದು ಕ್ರಿ.ಪೂ. 475ರ ಆಸುಪಾಸು. ಅದರಲ್ಲೂ ಅಬ್ದೇರದ ನಾಣ್ಯಗಳಿದ್ದವು. ಬೆಳ್ಳಿಯೇ ಇಲ್ಲಿನ ರಫ್ತು ಎಂದು ಅರ್ಥ. ಬೆಳ್ಳಿ ಬರುತ್ತಿದ್ದದ್ದು ಒಳನಾಡಿನ ಬೆಟ್ಟಗಳಿಂದ, ಬೆಟ್ಟ ಇದ್ದದ್ದು ಥ್ರೇಸಿಯನ್ನರ ಕೈಯಲ್ಲಿ. ಅವರ ಜೊತೆ ವ್ಯವಹಾರ ಕುದುರದೆ ಒಂದು ನಾಣ್ಯವೂ ಅಚ್ಚಾಗುತ್ತಿರಲಿಲ್ಲ.

ಥ್ರೇಸಿಯನ್ನರೂ ಸುಮ್ಮನೆ ಕೂತಿರಲಿಲ್ಲ, ತಾವೇ ನಾಣ್ಯ ಹೊಡೆದರು. ಎಡೋನಿ ಪಂಗಡದ ದೊರೆ ಗೆಟಾಸ್‌ನ ದೊಡ್ಡ ಬೆಳ್ಳಿ ನಾಣ್ಯಗಳು ಇರಾಕಿನ ಟೈಗ್ರಿಸ್ ನದಿಯಲ್ಲಿ ಸಿಕ್ಕಿವೆ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅದರ ಮೇಲೆ ‘ಎಡೋನಿಯರ ದೊರೆ ಗೆಟಾಸ್’ ಎಂದು ಗ್ರೀಕ್ ಅಕ್ಷರದಲ್ಲಿ ಬರೆದಿದೆ. ಗ್ರೀಕ್ ನಾಗರಿಕತೆ, ಕಾಡುಜನ ಎಂಬ ಹಳೇ ವಿಂಗಡಣೆ ಈ ಒಂದು ನಾಣ್ಯದ ಮುಂದೆ ನಿಲ್ಲುವುದಿಲ್ಲ.

ಕ್ರಿ.ಪೂ. 480ರಲ್ಲಿ ಪರ್ಷಿಯದ ಕ್ಸರ್ಕ್ಸೀಸ್ ತನ್ನ ಭಾರೀ ದಂಡಿನ ಜೊತೆ ಇದೇ ದಾರಿಯಲ್ಲಿ ಬಂದ. ದಂಡಿಗೆ ಊಟ ಹಾಕುವ ಜವಾಬ್ದಾರಿ ದಾರಿಯ ಊರುಗಳದ್ದು. ಥಾಸೋಸಿನವರು ಇದೊಂದಕ್ಕೇ 400 ಟ್ಯಾಲೆಂಟ್ ಬೆಳ್ಳಿ ಕಳೆದುಕೊಂಡರು. ಒಂದು ಟ್ಯಾಲೆಂಟ್ ಅಂದರೆ ಸುಮಾರು 26 ಕಿಲೋ. ಆಗ ಅಬ್ದೇರದ ಮೆಗಾಕ್ರಿಯೋನ್ ಎಂಬವನು ಊರಿನವರಿಗೆ ಹೇಳಿದನಂತೆ: ಎಲ್ಲರೂ ಹೆಂಡಿರನ್ನು ಕರೆದುಕೊಂಡು ಗುಡಿಗೆ ಹೋಗಿ, ಈ ದೊರೆ ದಿನಕ್ಕೆ ಎರಡು ಹೊತ್ತು ಉಣ್ಣುವವನಲ್ಲವಲ್ಲ ಎಂದು ದೇವರಿಗೆ ಕೈಮುಗಿಯಿರಿ. ಆಮೇಲೆ ಅಥೆನ್ಸ್ ಮುಂದಾಳಾಗಿದ್ದ ಊರುಗಳ ಕೂಟಕ್ಕೆ ಅಬ್ದೇರ ವರ್ಷಕ್ಕೆ 10ರಿಂದ 15 ಟ್ಯಾಲೆಂಟ್ ಕಪ್ಪ ಕಟ್ಟುತ್ತಿತ್ತು. ಕೂಟದಲ್ಲೇ ಜಾಸ್ತಿ ಕಟ್ಟುವವರ ಸಾಲಿನಲ್ಲಿತ್ತು. ಅಷ್ಟು ಊಟ ಹಾಕಿಯೂ ದಿವಾಳಿಯಾಗಿರಲಿಲ್ಲ.

ಥ್ರೇಸಿಯನ್ ಒಡ್ರಿಸಿ ಮನೆತನ ದೊಡ್ಡ ರಾಜ್ಯ ಕಟ್ಟಿದ್ದೂ ಇದೇ ಶತಮಾನದಲ್ಲಿ. ಅಥೆನ್ಸಿನ ಇತಿಹಾಸಕಾರ ಥ್ಯುಸಿಡಿಡೀಸ್ ಆ ರಾಜ್ಯದ ಅಳತೆಯನ್ನು ಅಬ್ದೇರದಿಂದಲೇ ಶುರು ಮಾಡುತ್ತಾನೆ: ಕಡಲ ದಾರಿಯಲ್ಲಿ ಅಬ್ದೇರದಿಂದ ಡ್ಯಾನ್ಯೂಬ್ ಬಾಯಿಗೆ ಗಾಳಿ ಅನುಕೂಲವಿದ್ದರೆ ನಾಲ್ಕು ಹಗಲು ನಾಲ್ಕು ರಾತ್ರಿ, ನೆಲದ ಮೇಲೆ ಚುರುಕಾದ ಆಳಿಗೆ 11 ದಿನ. ಒಡ್ರಿಸಿ ದೊರೆ ಸಿಟಾಲ್ಕಿಸ್‌ನ ಹೆಂಡತಿ ಅಬ್ದೇರದವಳು. ಅವಳ ಅಣ್ಣನೋ ತಮ್ಮನೋ ನಿಂಫೊಡೋರೋಸ್‌ಗೆ ಭಾವನ ಮನೆಯಲ್ಲಿ ಮಾತು ನಡೆಯುತ್ತಿತ್ತು. ಕ್ರಿ.ಪೂ. 431ರಲ್ಲಿ ಅಥೆನ್ಸಿಗೆ ಥ್ರೇಸಿಯನ್ನರ ಸ್ನೇಹ ಬೇಕಾದಾಗ, ಅಲ್ಲಿವರೆಗೆ ವೈರಿ ಎಂದುಕೊಂಡಿದ್ದ ಇವನನ್ನೇ ಹಿಡಿದು ಕೆಲಸ ಮಾಡಿಸಿಕೊಂಡರು. ಆ ಹೆಣ್ಣುಮಗಳ ಹೆಸರನ್ನು ಮಾತ್ರ ಥ್ಯುಸಿಡಿಡೀಸ್ ಬರೆಯಲಿಲ್ಲ.

ಥ್ರೇಸಿಯನ್ನರು ಈ ಊರಿನ ದಿನದ ಬದುಕಿನಲ್ಲಿ ಎಷ್ಟು ಬೆರೆತಿದ್ದರು ಅನ್ನೋದಕ್ಕೆ ನನಗೆ ಇಷ್ಟವಾದ ಸಾಕ್ಷಿ ಒಬ್ಬ ರೋಗಿಯದು. ಹಿಪೊಕ್ರೇಟಿಸ್ ಪರಂಪರೆಯ ವೈದ್ಯರು ಬರೆದಿಟ್ಟ ರೋಗಿಗಳ ದಾಖಲೆಯಲ್ಲಿ ಅಬ್ದೇರದವರು ಹಲವರಿದ್ದಾರೆ. ವಿಳಾಸವೂ ಇದೆ! ಪವಿತ್ರ ಬೀದಿಯ ಪಕ್ಕ ಮಲಗಿದ್ದ ಹುಡುಗಿ, ಮೇಲಿನ ಬೀದಿಯ ಹತ್ತಿರದ ಹೆರೊಪಿಥೋಸ್, ಥ್ರೇಸಿಯನ್ ಬಾಗಿಲ ಬಳಿಯ ಅನಾಕ್ಸಿಯೋನ್. ಈ ಅನಾಕ್ಸಿಯೋನ್‌ಗೆ ಜೋರು ಜ್ವರ, ಬಲ ಪಕ್ಕೆಯಲ್ಲಿ ನೋವು, ಒಣ ಕೆಮ್ಮು. ಬಿಟ್ಟ ಜ್ವರ ಮತ್ತೆ ಬಂತು. ಕೊನೆಗೆ 34ನೇ ದಿನ ಮೈಯೆಲ್ಲ ಬೆವರಿ ಗುಣವಾಯಿತು. ಕೋಟೆಗೆ ಥ್ರೇಸಿಯನ್ ಬಾಗಿಲು ಎಂಬ ಹೆಸರಿದೆ, ಆ ಹೆಸರು ರೋಗಿಯ ಮನೆ ಹುಡುಕಲು ಗುರುತಾಗುವಷ್ಟು ಬಳಕೆಯಲ್ಲಿದೆ. ಆ ಬಾಗಿಲಿನಿಂದ ಬರುತ್ತಿದ್ದವರು ದಂಡಿನವರಿಗಿಂತ ಜಾಸ್ತಿ ಧಾನ್ಯದವರು, ಸೌದೆಯವರು, ದನದವರು ಇರಬೇಕು ಅಂತ ನನ್ನ ಅಂದಾಜು.

ಹಾಗಂತ ಎಲ್ಲ ಸುಖವಾಗಿತ್ತು ಅನ್ನಲಾಗದು. ಕ್ರಿ.ಪೂ. 376ರ ಸುಮಾರಿಗೆ ಒಳನಾಡಿನ ಟ್ರಿಬಲ್ಲಿ ಜನ ಬರಗಾಲದಿಂದ ಕಂಗೆಟ್ಟು ಕರಾವಳಿಗೆ ನುಗ್ಗಿದರು, 30,000ಕ್ಕೂ ಹೆಚ್ಚು ಜನ. ಲೂಟಿ ಹೊತ್ತು ಮರಳುವಾಗ ಅಬ್ದೇರದವರು ಮೇಲೆ ಬಿದ್ದು 2,000ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಟ್ರಿಬಲ್ಲಿಗಳು ಸೇಡಿಗೆ ಮತ್ತೆ ಬಂದರು. ಈ ಸಲ ಅಬ್ದೇರದ ಪಕ್ಕದಲ್ಲಿ ನಿಂತಿದ್ದ ನೆರೆಯ ಥ್ರೇಸಿಯನ್ನರು ಕಾಳಗದ ನಡುವೆಯೇ ಪಕ್ಷ ಬದಲಿಸಿದರು. ಹೊರಗೆ ಹೋಗಿದ್ದ ಗಂಡಸರು ಹೆಚ್ಚುಕಡಿಮೆ ಎಲ್ಲರೂ ಸತ್ತರು. ಅಥೆನ್ಸಿನ ಸೇನಾಪತಿ ಕಾಬ್ರಿಯಾಸ್ ಬಂದು ಊರು ಉಳಿಸಿದ.

ಅದಾಗಿ ಕೆಲವೇ ದಶಕಗಳಲ್ಲಿ ಉತ್ತರದ ಊರು ಖಾಲಿಯಾಯಿತು. ಇಲ್ಲಿ ಮತ್ತೆ ನೆಸ್ಟೋಸ್ ನದಿ ಬರುತ್ತದೆ. ವರ್ಷವರ್ಷ ತಂದು ಸುರಿದ ಹೂಳಿಗೆ ಬಂದರು ಮುಚ್ಚಿಕೊಂಡಿತು, ಸುತ್ತ ಜೌಗು ಹಬ್ಬಿತು. ಮ್ಯಾಸಿಡೋನಿಯದ ಫಿಲಿಪ್ ಈ ಕರಾವಳಿಯನ್ನು ಹಿಡಿದದ್ದೂ ಅದೇ ಕಾಲ. ಜನ ದಕ್ಷಿಣಕ್ಕೆ, ಕಡಲಿನ ಹತ್ತಿರಕ್ಕೆ ಸರಿದು ಚೌಕುಳಿ ಬೀದಿಗಳ ಹೊಸ ಊರು ಕಟ್ಟಿಕೊಂಡರು. 1950ರಲ್ಲಿ ಮೊದಲು ಸಿಕ್ಕಿದ್ದು ಇದೇ. ನಾಟಕಶಾಲೆ, ಪಶ್ಚಿಮದ ಬಾಗಿಲು, ಮಣ್ಣಿನ ಬೊಂಬೆ ಮಾಡುವವರ ಕಾರ್ಖಾನೆ, ರೋಮನ್ ಕಾಲದ ಸ್ನಾನದ ಮನೆ. ಪ್ರವಾಸಿಗಳು ಫೋಟೊ ತೆಗೆಯುವುದೂ ಇಲ್ಲೇ. ನನಗೆ ಅಷ್ಟು ಹಿಡಿಸದ ಭಾಗ, ಮುಂದೆ ಹೋಗುತ್ತೇನೆ.

ರೋಮನ್ನರ ಕಾಲದ ಒಂದು ಘಟನೆ ಹೇಳಿ ಮುಗಿಸುತ್ತೇನೆ. ಕ್ರಿ.ಪೂ. 170ರಲ್ಲಿ ಹಾರ್ಟೆನ್ಸಿಯಸ್ ಎಂಬ ರೋಮನ್ ಅಧಿಕಾರಿ ಅಬ್ದೇರಕ್ಕೆ ಬಂದು ಒಂದು ಲಕ್ಷ ಡೆನಾರಿಯಸ್ ಹಣ ಮತ್ತು ರಾಶಿ ಗೋಧಿ ಕೇಳಿದ. ಊರಿನವರು, ಸ್ವಲ್ಪ ಕಾಲ ಕೊಡಿ, ಮೇಲಿನವರನ್ನು ಕೇಳಿ ಬರುತ್ತೇವೆ ಅಂದರು. ಅವರ ದೂತರು ಹೋಗಿ ಬರುವುದರೊಳಗೆ ಅವನು ಊರಿಗೆ ನುಗ್ಗಿ ಮುಖಂಡರ ತಲೆ ಕಡಿಸಿ ಉಳಿದವರನ್ನು ಗುಲಾಮರಾಗಿ ಮಾರಿಬಿಟ್ಟಿದ್ದ. ರೋಮಿನ ಸೆನೆಟ್ ಇದು ಅನ್ಯಾಯವೆಂದು ತೀರ್ಪು ಕೊಟ್ಟು, ಮಾರಿದವರನ್ನು ಹುಡುಕಿ ಬಿಡಿಸಲು ಆಜ್ಞೆ ಮಾಡಿತು. ಆಗ ನೆರವಿಗೆ ನಿಂತದ್ದು ತಿಯೋಸ್, ತಾಯಿ ಊರು. ಕಡಲು ದಾಟಿ ಬಂದು ಸುಮಾರು 375 ವರ್ಷ ಆದಮೇಲೂ. ಥ್ರೇಸಿಯನ್ ದೊರೆ ಕೋಟಿಸ್ ಅಬ್ದೇರದ ಜಮೀನು ತನಗೆ ಬೇಕೆಂದು ರೋಮಿಗೆ ಅರ್ಜಿ ಹಾಕಿದಾಗಲೂ ತಿಯೋಸಿನ ಇಬ್ಬರು, ಅಮಿಮೋನ್ ಮತ್ತು ಮೆಗಾಥಿಮೋಸ್, ರೋಮಿಗೆ ಹೋಗಿ ವಾದ ಮಾಡಿದರು. ಅಬ್ದೇರದವರು ಕೃತಜ್ಞತೆಯಿಂದ ಬರೆಸಿದ ಶಾಸನ ಸಿಕ್ಕಿದೆ. ಈ ಇಬ್ಬರು ದಿನಾ ಬೆಳಗ್ಗೆ ರೋಮಿನ ದೊಡ್ಡವರ ಮನೆ ಪಡಸಾಲೆಯಲ್ಲಿ ಕಾದು ನಿಂತು, ಕೈಕಾಲು ಹಿಡಿದು, ಮೈಮನಸ್ಸು ದಣಿಸಿಕೊಂಡರು ಎಂದು ಅದರಲ್ಲಿ ಬಿಚ್ಚಿ ಬರೆದಿದ್ದಾರೆ. ದೊಡ್ಡವರ ಬಾಗಿಲು ಕಾಯುವ ಕೆಲಸವನ್ನು ಇಷ್ಟು ಸಂಕೋಚವಿಲ್ಲದೆ ಹೇಳಿದ ಶಾಸನ ನಾನು ಬೇರೆ ನೋಡಿಲ್ಲ.

ಇನ್ನು ಪ್ರಶ್ನೆಗಳು. ಡೆಮಾಕ್ರಿಟಸ್‌ನ ಮನೆ ಸಿಕ್ಕಿದೆಯಾ ಅಂತ ಒಬ್ಬರು ಕೇಳಿದರು. ಇಲ್ಲ. ಇನ್ನೊಬ್ಬ ತತ್ವಜ್ಞಾನಿ ಪ್ರೊಟಾಗೊರಸ್‌ನದ್ದೂ ಇಲ್ಲ. ಇಬ್ಬರೂ ಈ ಊರಿನವರೇ. ಗ್ರೀಸಿನ ಹಳೆಯ 10 ದ್ರಾಖ್ಮಾ ನಾಣ್ಯದಲ್ಲಿ ಒಂದು ಕಡೆ ಡೆಮಾಕ್ರಿಟಸ್, ಇನ್ನೊಂದು ಕಡೆ ಅಣುವಿನ ಚಿತ್ರ ಇತ್ತು. ಥ್ರೇಸಿನ ವಿಶ್ವವಿದ್ಯಾಲಯಕ್ಕೂ ಅವನದೇ ಹೆಸರು.

ಅಂಥವರಿದ್ದ ಊರಿಗೆ ದಡ್ಡರ ಊರು ಎಂಬ ಹೆಸರು ಯಾಕೆ ಬಂತು ಅನ್ನೋದು ಇನ್ನೊಂದು ಪ್ರಶ್ನೆ. ನಗರದವರು ದೂರದ ಊರಿನವರನ್ನು ಆಡಿಕೊಳ್ಳುವುದು ಹೊಸದಲ್ಲ. ರೋಮನ್ ಕಾಲದ ವಿಡಂಬನೆಕಾರ ಲೂಸಿಯನ್ ಒಂದು ತಮಾಷೆ ಕಥೆ ಹೇಳುತ್ತಾನೆ: ಕಡು ಬೇಸಿಗೆಯಲ್ಲಿ ಇಲ್ಲಿ ಯೂರಿಪಿಡೀಸ್‌ನ ನಾಟಕ ಆಯಿತು, ಆಮೇಲೆ ಊರಿಗೆಲ್ಲ ಜ್ವರ ಬಂತು, ಏಳನೇ ದಿನ ಜ್ವರ ಇಳಿದರೂ ಜನ ಬೀದಿಯಲ್ಲಿ ನಾಟಕದ ಮಾತು ಕೂಗುತ್ತಾ ತಿರುಗಿದರು, ಚಳಿ ಬಿದ್ದ ಮೇಲೆ ನಿಂತಿತು. ಇದನ್ನು ನಂಬಬೇಕಿಲ್ಲ. ಆದರೆ ಅಬ್ದೇರದ ಬಗ್ಗೆ ಜೋಕು ಕಟ್ಟುವವನಿಗೂ ಮೊದಲು ನೆನಪಾದದ್ದು ಜ್ವರ ನೋಡಿ.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು: ಥ್ರೇಸಿಯನ್ನರ ಕಡೆಯ ಕಥೆ ಯಾವಾಗ ಸಿಗುತ್ತದೆ? ಸುಲಭವಿಲ್ಲ. ಅವರ ಮನೆಗಳಲ್ಲಿ ಮರ, ಮಣ್ಣು ಜಾಸ್ತಿ. ಮಡಕೆ ಹಲವು ಸಲ ಚಕ್ರವಿಲ್ಲದೆ ಕೈಯಲ್ಲೇ ಮಾಡಿದ್ದು, ಬಣ್ಣವಿಲ್ಲದ್ದು. ಹಿಂದಿನ ಅಗೆತಗಳಲ್ಲಿ ಚಿತ್ರವಿದ್ದ ಮಡಕೆಗೆ ಇದ್ದ ಮರ್ಯಾದೆ ಇಂಥ ಒರಟು ಚೂರಿಗೆ ಇರಲಿಲ್ಲ. ಈಗ ಕಾಲ ಬದಲಾಗಿದೆ. ಬಲ್ಗೇರಿಯದ ವೆತ್ರೆನ್ ಹತ್ತಿರ 1990ರಲ್ಲಿ ಸಿಕ್ಕ ಶಾಸನದಲ್ಲಿ ಥ್ರೇಸಿಯನ್ ದೊರೆಯೇ ಗ್ರೀಕ್ ವ್ಯಾಪಾರಿಗಳಿಗೆ ಅಭಯ ಕೊಟ್ಟಿದ್ದಾನೆ: ನಿಮ್ಮ ಜಮೀನು ಕಿತ್ತುಕೊಳ್ಳುವುದಿಲ್ಲ, ಕಾವಲು ದಂಡು ಇಡುವುದಿಲ್ಲ ಅಂತ. ಅಲ್ಲಿ ಷರತ್ತು ಹಾಕುವವರು ನೆಲದವರು. ಅಬ್ದೇರದಲ್ಲೂ ಇತ್ತೀಚೆಗೆ ಕೋಟೆಯಿಂದ ಹೊರಗೆ ಹೋಗಿ ಹೊಲಗಳನ್ನು ಸಾಲು ಸಾಲಾಗಿ ನಡೆದು ಚೂರು ಹೆಕ್ಕುವ ಸರ್ವೆ ಆಗಿದೆ, ಅಗೆಯದೆ ನೆಲದೊಳಗೆ ನೋಡುವ ಯಂತ್ರಗಳನ್ನೂ ಬಳಸಿದ್ದಾರೆ. ಪುರಾತತ್ವ ಓದಬೇಕೆಂದಿದ್ದರೆ ಕೈಮಡಕೆಯ ಚೂರು ಗುರುತಿಸುವುದನ್ನು ಚೆನ್ನಾಗಿ ಕಲಿ ಎಂದು ಆ ಹುಡುಗಿಗೆ ಹೇಳಿದೆ. ಗ್ರೀಕ್ ಮಡಕೆ ಬಲ್ಲವರು ಬೇಕಾದಷ್ಟು ಜನ ಇದ್ದಾರೆ.